ಮೊದಲ ಲೋಲಿಟಾ ಉಡುಪು ಕೊಳ್ಳುವವರಿಗೆ

ಎಲ್ಲರಿಗೂ ನಮಸ್ಕಾರ. ಲೋಲಿಟಾ ಅಂದರೆ ಉಬ್ಬಿದ ಲಂಗ, ಲೇಸು, ಬೋಗಳಿರುವ, ಗೊಂಬೆಯಂತೆ ಕಾಣುವ ಜಪಾನಿ ಉಡುಪಿನ ಶೈಲಿ. ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಹಲವರು ಮೊದಲು ಏನು ಕೊಳ್ಳಬೇಕೆಂದು ಕೇಳುತ್ತಿದ್ದೀರಿ. ಫ್ರಾಕಿಗಿಂತ ಮುಂಚೆ ಒಳ್ಳೆಯ ಪೆಟಿಕೋಟ್, ಅಂದರೆ ಲಂಗವನ್ನು ಉಬ್ಬಿಸುವ ಒಳಲಂಗ, ಕೊಳ್ಳಿ. ಟೋಕಿಯೋದ ಹರಾಜುಕು ಬೀದಿಗಳಲ್ಲಿ ಬೆಳೆದ ಈ ಶೈಲಿಯ ಜೀವವೇ ಲಂಗದ ಉಬ್ಬು; ಅದಿಲ್ಲದೆ ಏಂಜೆಲಿಕ್ ಪ್ರೆಟಿ ಬ್ರಾಂಡಿನ ದುಬಾರಿ ಫ್ರಾಕ್ ಕೂಡ ಸೊರಗಿದಂತೆ ಕಾಣುತ್ತದೆ. ಮುದ್ದಾದ ತಿಳಿ ಬಣ್ಣಗಳ ಸ್ವೀಟ್ ಶೈಲಿಗೆ ಗಂಟೆಯಾಕಾರದ ಪೆಟಿಕೋಟ್ ಚೆನ್ನ, ಗಂಭೀರವಾದ ಕ್ಲಾಸಿಕ್ ಶೈಲಿಗೆ ಕೆಳಗೆ ನೇರವಾಗಿ ಅಗಲವಾಗುವ ಎ-ಲೈನ್. ಆರ್ಗಾಂಜಾ ಎಂಬ ತೆಳು ಬಟ್ಟೆಯದು ಮೆತ್ತಗಿರುತ್ತದೆ, ಆದರೆ ಬೇಗ ಕುಸಿಯುತ್ತದೆ. ಟ್ಯೂಲ್ ಎಂಬ ಗಟ್ಟಿ ಬಲೆಬಟ್ಟೆಯದು ಆಕಾರ ಹಿಡಿದು ನಿಲ್ಲುತ್ತದೆ, ಕಾಲಿಗೆ ಮಾತ್ರ ಚುಚ್ಚುತ್ತದೆ. ಹಾಗಾಗಿ ಒಳಗೆ ಬ್ಲೂಮರ್ಸ್ ಎಂಬ ಸಡಿಲ ಒಳಚಡ್ಡಿ ಇರಲಿ. ಪೆಟಿಕೋಟನ್ನು ಬೀರುವಿನಲ್ಲಿ ಅದುಮಿ ಇಡಬೇಡಿ, ತೂಗುಹಾಕಿ.

ಜಪಾನಿನ ಬ್ರಾಂಡ್‌ಗಳ ಎಷ್ಟೋ ಫ್ರಾಕ್‌ಗಳು ಒಂದೇ ಅಳತೆಯಲ್ಲಿ ಬರುತ್ತವೆ. ಎದೆ, ಸೊಂಟದ ಸೆಂಟಿಮೀಟರ್ ಅಳತೆ ನೋಡದೆ ದುಡ್ಡು ಕಟ್ಟಬೇಡಿ. ಬೆನ್ನಿಗೆ ಎಲಾಸ್ಟಿಕ್ ನೆರಿಗೆ ಇದ್ದರೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊಂದುತ್ತದೆ. ಬಜೆಟ್ ಕಡಿಮೆಯಿದ್ದರೆ ಕ್ಲೋಸೆಟ್ ಚೈಲ್ಡ್‌ನಂಥ ಸೆಕೆಂಡ್ ಹ್ಯಾಂಡ್ ಅಂಗಡಿ ನೋಡಿ.

ತೋಳಿಲ್ಲದ ಫ್ರಾಕಿಗೆ ಜಂಪರ್ ಸ್ಕರ್ಟ್ ಎನ್ನುತ್ತಾರೆ; ಅದರ ಒಳಗೆ ಬ್ಲೌಸ್ ಬೇಕೇ ಬೇಕು. ನಮ್ಮ ಬೇಸಿಗೆಗೆ ತೆಳು ಹತ್ತಿಯ ಗಿಡ್ಡ ತೋಳಿನದು ಸಾಕು. ಕಾಲುಚೀಲ, ಶೂ, ತಲೆಯ ಬೋ ಎಲ್ಲಕ್ಕೂ ಫ್ರಾಕಿನ ಪ್ರಿಂಟ್‌ನಿಂದಲೇ ಎರಡು ಬಣ್ಣ ಆರಿಸಿ.

ಕೊಳ್ಳುವ ಮುನ್ನ ಅಳತೆ ಪಟ್ಟಿಯ ಫೋಟೋ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.