ಆ ಗಾಜಿಗೆ ಬಣ್ಣ ಬಳಿದಿಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಚರ್ಚಿನ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಅಲ್ಲಿನ ಕಿಟಕಿಗಳನ್ನು ‘ಬಣ್ಣ ಬಳಿದ ಗಾಜು’ ಎಂದು ಬರೆದಿದ್ದಾರೆ. ಗಾಜು ನೂರಾರು ವರ್ಷಗಳಲ್ಲಿ ಕೆಳಕ್ಕೆ ಇಳಿದು ಬುಡದಲ್ಲಿ ದಪ್ಪವಾಗಿದೆ ಎಂದೂ ಇದೆ. ಎರಡೂ ತಪ್ಪು. ದಾವಣಗೆರೆಯಲ್ಲಿ 34 ವರ್ಷ ಗಾಜು ಕತ್ತರಿಸಿ, ಫೋಟೊಗಳಿಗೆ ಕಟ್ಟು ಹಾಕಿ ಬದುಕಿದವನು ನಾನು. ಸುಮ್ನೆ ಇರಲು ಆಗಲಿಲ್ಲ.

ಆ ಕಾಲದವರು ಗಾಜು ಕರಗಿಸುವಾಗಲೇ ಬಣ್ಣ ಬೆರೆಸುತ್ತಿದ್ದರು. ಕೋಬಾಲ್ಟ್ ಹಾಕಿದರೆ ನೀಲಿ, ತಾಮ್ರ ಹಾಕಿದರೆ ಹಸಿರು ಅಥವಾ ಕೆಂಪು. ಕಣ್ಣು, ಕೂದಲು, ಬಟ್ಟೆಯ ನೆರಿಗೆ, ಇಂಥ ಕಪ್ಪು ಕಂದು ಗೆರೆಗಳನ್ನು ಮಾತ್ರ ಮೇಲೆ ಕುಂಚದಿಂದ ಬರೆಯುತ್ತಿದ್ದರು. ಅದನ್ನೂ ಗೂಡಿನಲ್ಲಿ ಸುಟ್ಟು ಗಾಜಿಗೆ ಕಚ್ಚಿಸುತ್ತಿದ್ದರು. ಹಳದಿ ಬೇಕಾದರೆ ಗಾಜಿನ ಹಿಂಬದಿಗೆ ಬೆಳ್ಳಿಯ ಲೇಪ ಹಚ್ಚಿ ಸುಡುತ್ತಿದ್ದರು. ಇನ್ನು ಗಾಜು ಇಳಿಯುವ ಮಾತು. ಅದು ಬಾಯಿಂದ ಊದಿ ಮಾಡಿದ ಗಾಜು. ಹುಟ್ಟುವಾಗಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಷ್ಟೇ.

ಮಗಳು ಲೀಡ್ಸ್‌ನಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಹೋದಾಗ ಯಾರ್ಕಿಗೂ ಕರೆದುಕೊಂಡು ಹೋದಳು. ಪೂರ್ವದ ಗೋಡೆಯ ಆ ದೊಡ್ಡ ಕಿಟಕಿ ಒಂದು ಟೆನಿಸ್ ಅಂಕಣದಷ್ಟಿದೆ. ಜಗತ್ತಿನ ಸೃಷ್ಟಿಯಿಂದ ಕೊನೆಯವರೆಗಿನ ಬೈಬಲ್ ಕಥೆ ಅದರಲ್ಲಿದೆ. ಬೈನಾಕ್ಯುಲರ್ ಹಿಡಿದು ನಾನು ಹುಡುಕಿದ್ದು ಕಥೆಯನ್ನಲ್ಲ, ಕತ್ತರಿಸಿದ ಅಂಚನ್ನು. ಒಬ್ಬ ಸಂತನ ತಲೆಯ ಹಿಂದೆ ದುಂಡನೆಯ ಪ್ರಭೆ. ಅದನ್ನು ಅಪ್ಪಿಕೊಂಡ ಹಾಗೆ ಪಕ್ಕದ ಗಾಜು ಒಳಬಾಗಿತ್ತು. ಗಾಜನ್ನು ಹಾಗೆ ಅಂಚು ಒಳಬಾಗುವಂತೆ ಕತ್ತರಿಸುವುದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಒಳ್ಳೆಯ ಕಟರ್ ಇದ್ದೂ ನನ್ನ ಕೈಯಲ್ಲಿ ಎಷ್ಟೋ ಗಾಜು ಒಡೆದಿವೆ. ಅವರ ಹತ್ತಿರ ಇದ್ದದ್ದು ಕಾದ ಕಬ್ಬಿಣ. ಅದನ್ನು ಮುಟ್ಟಿಸಿ ಗಾಜು ಸೀಳಬೇಕು. ಆಮೇಲೆ ಇನ್ನೊಂದು ಕಬ್ಬಿಣದಿಂದ ಅಂಚನ್ನು ಚೂರು ಚೂರೇ ಕಡಿದು ಆಕಾರಕ್ಕೆ ತರಬೇಕು. ಅಲ್ಲೇ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ.

ಈ ಕಿಟಕಿಯ ಕೆಲಸ ನಡೆಸಿದ ಗಾಜಿನ ಮೇಸ್ತ್ರಿ ಕವೆಂಟ್ರಿ ಊರಿನ ಜಾನ್ ಥಾರ್ನ್‌ಟನ್. 1405ರಲ್ಲಿ ಕರಾರು ಆಯಿತು. ಮೂರು ವರ್ಷದಲ್ಲಿ ಮುಗಿಸಬೇಕು. ವಾರಕ್ಕೆ 4 ಷಿಲಿಂಗ್, ವರ್ಷಕ್ಕೆ ಮೇಲೆ 5 ಪೌಂಡ್, ಚೆನ್ನಾಗಿ ಮುಗಿಸಿದರೆ ಇನ್ನೂ 10 ಪೌಂಡ್. ಹೇಳಿದ ಹೊತ್ತಿಗೆ ಮುಗಿಸಿದ. ಕಿಟಕಿಯ ತುದಿಯಲ್ಲಿ 1408 ಎಂಬ ಇಸವಿ ಇದೆ.

2008ರಿಂದ ಹತ್ತು ವರ್ಷ ಅದರ 311 ಫಲಕಗಳನ್ನು ಬಿಚ್ಚಿ ದುರಸ್ತಿ ಮಾಡಿದರು. ಹಿಂದೆ ದುರಸ್ತಿ ಮಾಡಿದವರು ಬಿರುಕು ಬಿಟ್ಟಲ್ಲೆಲ್ಲ ಸೀಸದ ಪಟ್ಟಿ ಕೂರಿಸಿದ್ದರು. ಚಿತ್ರಗಳ ಮೇಲೆಲ್ಲ ಕಪ್ಪು ಗೆರೆ. ಅಂಥವನ್ನು ತೆಗೆದು, ಒಡೆದ ಅಂಚುಗಳನ್ನು ಅಂಟಿನಿಂದ ಕೂಡಿಸಿದ್ದಾರೆ. ಇಷ್ಟು ತಾಳ್ಮೆಯ ಕೆಲಸಕ್ಕೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಥಾರ್ನ್‌ಟನ್ ಹೆಸರೂ ಇರಲಿಲ್ಲ. ನನಗೆ ಜಾಸ್ತಿ ಬೇಜಾರಾದದ್ದು ಅದಕ್ಕೇ.

ಮುಂದಿನ ಪುರವಣಿಯಲ್ಲಿ ಆ ಎರಡು ತಪ್ಪು ತಿದ್ದಿ. ಜೊತೆಗೆ ಅವನ ಹೆಸರನ್ನೂ ಹಾಕಿ.

– ಗಾಜಿನ ಅಂಗಡಿ ನಡೆಸಿದ ಓದುಗ, ದಾವಣಗೆರೆ