ಮೊದಲ ಕಾಂಟೆಸ್ಟಿಗೆ ಕೂರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನವೆಂಬರಿನ ಸಿಕ್ಯೂ ವರ್ಲ್ಡ್‌ವೈಡ್ ಮೋರ್ಸ್ ಕಾಂಟೆಸ್ಟಿಗೆ, ಅಂದರೆ ಮೋರ್ಸ್ ಸಂಕೇತದಲ್ಲಿ ಆದಷ್ಟು ಜನರನ್ನು ಸಂಪರ್ಕಿಸುವ ಹ್ಯಾಮ್ ರೇಡಿಯೋ ಸ್ಪರ್ಧೆಗೆ, ಕಂಪ್ಯೂಟರಿನಲ್ಲೇ ಲಾಗ್ (ಸಂಪರ್ಕಗಳ ದಾಖಲೆ) ಮಾಡ್ತೀನಿ ಎಂದು ಬರೆದಿದ್ದೀಯಲ್ಲ, ಓದಿ ಖುಷಿಯಾಯ್ತು. "ಎಲ್ಲಾ ಅದೇ ಮಾಡಿದರೆ ನನಗೇನು ಕೆಲಸ?" ಎಂದೂ ಕೇಳಿದ್ದೀಯ. ಅದಕ್ಕೇ ಈ ಪತ್ರ.

ಕಾಗದದ ಕಾಲದಲ್ಲಿ ಲಾಗ್ ಪುಸ್ತಕದ ಪಕ್ಕ ಒಂದೊಂದು ಬ್ಯಾಂಡಿಗೂ (ಫ್ರೀಕ್ವೆನ್ಸಿಗಳ ಗುಂಪಿಗೂ) ಒಂದೊಂದು ಡ್ಯೂಪ್ ಶೀಟ್ ಇರುತ್ತಿತ್ತು. ಡ್ಯೂಪ್ ಅಂದರೆ ಒಂದೇ ಬ್ಯಾಂಡಿನಲ್ಲಿ ಅದೇ ವ್ಯಕ್ತಿಯ ಜೊತೆ ಎರಡನೇ ಸಲ ಆದ ಸಂಪರ್ಕ. ಯಾರಾದರೂ ಕರೆದರೆ ಇವರು ಆಗಲೇ ಸಿಕ್ಕಿದ್ದಾರಾ ಎಂದು ಅದರಲ್ಲಿ ಹುಡುಕಬೇಕು. 48 ಗಂಟೆ ಮುಗಿದ ಮೇಲೆ ಅಂಕ ಕೂಡಿಸುವ ಕೆಲಸ ಬೇರೆ. 1980ರ ದಶಕದಲ್ಲಿ ಕೆನ್ ವುಲ್ಫ್ (ಅವರ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿನ ಗುರುತು, ಕೆ1ಇಎ) ಬರೆದ ಸಿಟಿ ಎಂಬ ಪ್ರೋಗ್ರಾಂ ಈ ಹೊರೆಯನ್ನು ಇಳಿಸಿತು. ಈಗ ಎನ್1ಎಂಎಂ ಲಾಗರ್ ಪ್ಲಸ್ ಎಂಬ ಪ್ರೋಗ್ರಾಂ ಉಚಿತವಾಗಿಯೇ ಸಿಗುತ್ತದೆ. ಅದರಲ್ಲಿ ಎಂಟರ್ ಕೀ ಒಂದರಿಂದಲೇ ಪೂರ್ತಿ ಸಂಪರ್ಕ ನಡೆಸಬಹುದು. ಕಾಲ್‌ಸೈನ್ ಜಾಗ ಖಾಲಿ ಇದ್ದರೆ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಎಂದು, ಕರೆಯುತ್ತದೆ. ಕಾಲ್‌ಸೈನ್ ಬರೆದು ಒತ್ತಿದರೆ ಅವರಿಗೆ ರಿಪೋರ್ಟ್ ಕಳಿಸುತ್ತದೆ. ಅವರದ್ದು ಬರೆದುಕೊಂಡು ಒತ್ತಿದರೆ ಥ್ಯಾಂಕ್ಸ್ ಹೇಳಿ ಲಾಗಿಗೆ ಸೇರಿಸುತ್ತದೆ. ಬೆರಳಿಗೆ ಇದು ರೂಢಿಯಾಗುವ ತನಕ ಮೊದಲೇ ಅಭ್ಯಾಸ ಮಾಡು.

ನಿನ್ನ ಕೆಲಸ ಎಲ್ಲಿದೆ ಅಂದರೆ, ಈ ಸಾಫ್ಟ್‌ವೇರ್ ಕೆಲವು ವಿಷಯ ಊಹೆ ಮಾಡುತ್ತದೆ. ಅದೂ ಎದುರಿನವರು ಬಾಯಿ ಬಿಡುವ ಮೊದಲೇ! ಆ ಊಹೆಗಳನ್ನು ಒಪ್ಪುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಜೋನ್ ನಂಬರನ್ನೇ ನೋಡು. ಈ ಕಾಂಟೆಸ್ಟಿನಲ್ಲಿ ರಿಪೋರ್ಟ್ ಎಂದು ಎಲ್ಲರೂ 599, ಅಂದರೆ ಸಿಗ್ನಲ್ ತುಂಬಾ ಚೆನ್ನಾಗಿದೆ, ಅಂತಲೇ ಕೊಡುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಕಿವಿಗೊಟ್ಟು ಕೇಳಬೇಕಾದದ್ದು ಅದರ ಹಿಂದೆ ಬರುವ ಜೋನ್. ಪ್ರಪಂಚವನ್ನೆಲ್ಲ 40 ಭಾಗ ಮಾಡಿದ್ದಾರೆ, ಅವೇ ಜೋನ್‌ಗಳು. ಕಾಲ್‌ಸೈನ್ ಬರೆದ ಕೂಡಲೇ ಸಾಫ್ಟ್‌ವೇರ್ ದೇಶಗಳ ಪಟ್ಟಿ ನೋಡಿ ಜೋನನ್ನು ತಾನೇ ತುಂಬಿಬಿಡುತ್ತದೆ. ಸಣ್ಣ ದೇಶಗಳಿಗೆ ಇದು ಸರಿಯಾಗೇ ಇರುತ್ತದೆ. ಆದರೆ ಅಮೆರಿಕದಲ್ಲಿ 3, 4, 5 ಮೂರೂ ಇವೆ. ಪಶ್ಚಿಮ ಕರಾವಳಿಯಲ್ಲಿ ಕಾಲ್‌ಸೈನ್ ಪಡೆದವರು ಪೂರ್ವಕ್ಕೆ ಮನೆ ಬದಲಿಸಿದರೂ ಹಳೇ ಕಾಲ್‌ಸೈನನ್ನೇ ಇಟ್ಟುಕೊಳ್ಳಬಹುದು. ಪರದೆ 3 ಎನ್ನುತ್ತಿರುತ್ತದೆ, ಅವರು 5 ಎಂದು ಕಳಿಸುತ್ತಿರುತ್ತಾರೆ. ಅದಾಗಲೇ ತುಂಬಿದೆ ಎಂದು ಸುಮ್ನೆ ಎಂಟರ್ ಒತ್ತಬೇಡ.

ಸೂಪರ್ ಚೆಕ್ ಪಾರ್ಷಿಯಲ್ ಇನ್ನೂ ಸೂಕ್ಷ್ಮ. ಹಿಂದಿನ ಕಾಂಟೆಸ್ಟುಗಳ ಲಾಗುಗಳಿಂದ ಮಾಡಿದ ಕಾಲ್‌ಸೈನ್ ಪಟ್ಟಿ ಅದು. ನೀನು ಎರಡು ಮೂರು ಅಕ್ಷರ ಬರೆಯುತ್ತಿದ್ದಂತೆ ಹೊಂದುವ ಕಾಲ್‌ಸೈನ್‌ಗಳನ್ನು ಮುಂದಿಡುತ್ತದೆ. ಸಿಗ್ನಲ್ ಕ್ಷೀಣವಾಗಿದ್ದಾಗ ಇದು ಎಷ್ಟು ಆಸೆ ಹುಟ್ಟಿಸುತ್ತದೆ ಗೊತ್ತಾ? ಮೋರ್ಸ್‌ನಲ್ಲಿ ಎಸ್ ಅಂದರೆ ಮೂರು ಚುಕ್ಕೆ, ಎಚ್ ಅಂದರೆ ನಾಲ್ಕು. ನಿನಗೆ ಎಚ್ ಕೇಳಿಸಿದೆ, ಪಟ್ಟಿಯಲ್ಲಿ ಇರುವುದು ಎಸ್. ಇಂಥ ಹೊತ್ತಲ್ಲಿ ಮತ್ತೊಮ್ಮೆ ಕಳಿಸಲು ಕೇಳು, ಪಟ್ಟಿ ನೋಡಿ ತಿದ್ದಬೇಡ. ನಿನ್ನ ಕಾಲ್‌ಸೈನೇ ಆ ಪಟ್ಟಿಯಲ್ಲಿ ಇನ್ನೂ ಇಲ್ಲ, ಅಲ್ವಾ? ಹೊಸಬರೆಲ್ಲರ ಕಥೆಯೂ ಅದೇ. ಅತ್ತ ಕಡೆಯವರು ಪಟ್ಟಿ ನೋಡಿ ನಿನ್ನನ್ನು ಬೇರೆ ಯಾರೋ ಅಂತ ಬರೆದುಕೊಂಡರೆ ನಿನಗೆ ಹೇಗನಿಸುತ್ತೆ ಯೋಚಿಸು. ಅವರು ನಿನ್ನ ಕಾಲ್‌ಸೈನ್ ತಪ್ಪಾಗಿ ಹೇಳಿದರೆ ಸರಿಯಾಗುವ ತನಕ ಬಿಡಬೇಡ. ತಪ್ಪು ಕಾಲ್‌ಸೈನ್ ಬರೆದವರಿಗೆ ಆ ಸಂಪರ್ಕವೂ ಹೋಗುತ್ತದೆ, ಮೇಲೆ ದಂಡವಾಗಿಯೂ ಅಂಕ ಕಡಿತವಾಗುತ್ತದೆ.

ಕ್ಲಸ್ಟರ್ (ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ ಎಂದು ಹ್ಯಾಮ್‌ಗಳು ಹಂಚಿಕೊಳ್ಳುವ ಜಾಲ) ಬಗ್ಗೆ ನೀನು ಕೇಳಿದ್ದೀಯ. ಈ ಸಲ ಬೇಡ ಅನ್ನುತ್ತೇನೆ. ಬಳಸಿದರೆ ಅಸಿಸ್ಟೆಡ್ (ನೆರವು ಪಡೆದವರ) ವಿಭಾಗಕ್ಕೆ ಹೋಗಬೇಕು, ಅದೇನೂ ದೊಡ್ಡ ವಿಷಯವಲ್ಲ. ಆದರೆ ಯಾರೋ ತಪ್ಪಾಗಿ ಹಾಕಿದ ಸ್ಪಾಟನ್ನು (ಅಲ್ಲಿನ ಸುಳಿವನ್ನು) ಒತ್ತಿ, ಅದೇ ತಪ್ಪನ್ನು ನೂರಾರು ಜನ ಲಾಗಿಗೆ ಇಳಿಸುತ್ತಾರೆ. ಡಯಲ್ ತಿರುಗಿಸಿ ನೀನೇ ಹುಡುಕು. ಬ್ಯಾಂಡ್ ಯಾವಾಗ ತೆರೆಯುತ್ತದೆ (ದೂರದವರು ಕೇಳಿಸುತ್ತಾರೆ), ಯಾವಾಗ ಮುಚ್ಚುತ್ತದೆ ಅನ್ನುವುದು ಹಾಗೇ ಅರ್ಥವಾಗುತ್ತದೆ.

ಉಳಿದದ್ದು ಚಿಕ್ಕಪುಟ್ಟದ್ದು. ಕಂಪ್ಯೂಟರ್ ಗಡಿಯಾರವನ್ನು ಶುರುವಾಗುವ ಮೊದಲೇ ಇಂಟರ್‌ನೆಟ್ ಸಮಯಕ್ಕೆ ಹೊಂದಿಸು. ಲಾಗ್ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ಇರಬೇಕು. ರೇಡಿಯೋಗೆ ಕೇಬಲ್ ಹಾಕಿದ್ದರೆ ಬ್ಯಾಂಡ್ ಬದಲಿಸಿದಾಗ ಪರದೆಯಲ್ಲೂ ಬದಲಾಯಿತಾ ನೋಡು. ಬೂದು ಬಣ್ಣದಲ್ಲಿ ಡ್ಯೂಪ್ ಎಂದು ತೋರಿಸಿದರೂ ಕರೆದವರನ್ನು ಮಾತಾಡಿಸಿ ಕಳಿಸು, ವಾದಕ್ಕಿಳಿಯುವುದಕ್ಕಿಂತ ಅದು ಬೇಗ ಮುಗಿಯುತ್ತದೆ. ಅವರ ಲಾಗಿನಲ್ಲಿ ನೀನು ಇಲ್ಲದೆಯೂ ಇರಬಹುದು. ಡ್ಯೂಪಿಗೆ ದಂಡವಿಲ್ಲ, ಅಳಿಸಲು ಹೋಗಬೇಡ.

ಮುಗಿದ ಮೇಲೆ ಲಾಗನ್ನು ಕ್ಯಾಬ್ರಿಲೋ ಎಂಬ ಮಾದರಿಯ ಫೈಲ್ ಮಾಡಿ 5 ದಿನದೊಳಗೆ ಆಯೋಜಕರಿಗೆ ಕಳಿಸಬೇಕು. ಅದು ಸಾದಾ ಟೆಕ್ಸ್ಟ್ ಫೈಲು. ತೆರೆದು ಮೇಲಿನ ಸಾಲುಗಳಲ್ಲಿ ನಿನ್ನ ವಿಭಾಗ ಸರಿಯಿದೆಯಾ ನೋಡಿಕೋ. ಅಂಕ ಕಡಿಮೆ ಬಂದಿದೆ ಎಂದು ಕಳಿಸದೆ ಇರಬೇಡ. ನಿನ್ನ ಲಾಗ್ ಇದ್ದರೆ ಬೇರೆಯವರದ್ದನ್ನು ತಾಳೆ ನೋಡಲೂ ಅನುಕೂಲ. ಆಮೇಲೆ ಲಾಗ್ ಚೆಕ್ ವರದಿ ಬರುತ್ತದೆ. ಎಲ್ಲಿ ಏನು ತಪ್ಪಾಗಿ ಕೇಳಿಸಿತ್ತು ಎಂದು ಸಾಲು ಸಾಲಾಗಿ ಇರುತ್ತದೆ. ಬಂದ ಕೂಡಲೇ ನನಗೂ ಒಂದು ಪ್ರತಿ ಕಳಿಸು, ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ