ಮೂವರು ವೃದ್ಧರ ಬಾಕಿ ಲೆಕ್ಕ

ಮೈಸೂರು

ಚಿ॥ ಕು॥ ಮೇಧಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳುಹಿಸಿದ ಕಿರುಚಿತ್ರದ ಕಥೆಯನ್ನು ಎರಡು ಸಲ ಓದಿದೆ. ಮೂವರು ವೃದ್ಧರು ಕೂಡಿ ಸಹಕಾರ ಸಂಘವೊಂದರ ತಿಜೋರಿ ಒಡೆಯಲು ಹೊರಡುವ ವಸ್ತು ನನಗೆ ಹಿಡಿಸಿತು. ಆದರೆ ನಗು ಹುಟ್ಟಬೇಕಾದ ಕಡೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಾಗ ಸಿಕ್ಕಿದ್ದು ಇಷ್ಟೇ: ಒಬ್ಬರ ಹಲ್ಲಿನ ಸೆಟ್ಟು ಬೀಳುತ್ತದೆ, ಇನ್ನೊಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಮತ್ತೊಬ್ಬರು ಬಂದ ಕೆಲಸವನ್ನೇ ಮರೆಯುತ್ತಾರೆ. ಅವರಿಗೆ ಹಣ ಏಕೆ ಬೇಕಾಗಿದೆ ಎಂಬುದಕ್ಕೆ ನೀನು ಕೊಟ್ಟಿರುವುದು ಒಂದೇ ವಾಕ್ಯ. ಇದರ ಬಗ್ಗೆ ಹಿರಿಯನಾಗಿ ನಾಲ್ಕು ಮಾತು ಹೇಳದೆ ಇರಲಾರೆ, ಬೇಸರಿಸದೆ ಓದು.

ಸ್ಪೇನಿನವರು ಇದೇ ವಸ್ತುವನ್ನು ಅರವತ್ತು ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಹುವಾನ್ ಗಾರ್ಸಿಯಾ ಅತಿಯೆಂಸಾ ನಿರ್ದೇಶಿಸಿದ, 1964ರ ‘ಲೋಸ್ ದಿನಾಮಿತೇರೋಸ್’ ಎಂಬ ಕಪ್ಪುಬಿಳುಪು ಚಿತ್ರವನ್ನು ನೋಡದೆ ನೀನು ಎರಡನೆಯ ಕರಡಿಗೆ ಕೈಹಾಕಬೇಡ. ಹೆಸರಿನ ಅರ್ಥ ಡೈನಮೈಟ್ ಸಿಡಿಸುವವರು ಎಂದು. ನಿವೃತ್ತಿವೇತನ ಯಾವುದಕ್ಕೂ ಸಾಲದೆ ನೊಂದ ಇಬ್ಬರು ವೃದ್ಧರು ಮತ್ತು ಒಬ್ಬ ವೃದ್ಧೆ ತಮ್ಮದೇ ಮೊಂತೆಪಿಯೊವನ್ನು ದೋಚಲು ನಿಶ್ಚಯಿಸುತ್ತಾರೆ. ಮೊಂತೆಪಿಯೊ ಎಂದರೆ, ದುಡಿಯುವ ಕಾಲದಲ್ಲಿ ಸದಸ್ಯರು ವಂತಿಗೆ ಕಟ್ಟಿ, ಮುಪ್ಪಿನಲ್ಲಿ ತಮಗೂ ಸಾವಿನ ನಂತರ ಮನೆಯವರಿಗೂ ನೆರವಾಗಲೆಂದು ನಡೆಸಿಕೊಂಡು ಬಂದ ಪರಸ್ಪರ ಸಹಾಯನಿಧಿ. ಈ ಒಂದು ಆಯ್ಕೆಯಲ್ಲಿಯೇ ಇಡೀ ಚಿತ್ರದ ಪ್ರಾಣವಿದೆ ಎಂದು ನಾನು ತಿಳಿದಿದ್ದೇನೆ. ಊರಿನ ದೊಡ್ಡ ಬ್ಯಾಂಕನ್ನು ಬಿಟ್ಟು, ತಮ್ಮ ಬೆವರಿನ ಕಾಸು ಕೂಡಿಬಿದ್ದಿರುವ ಪೆಟ್ಟಿಗೆಯ ಮುಂದೆ ಅವರು ನಿಂತಾಗ, ಅವರನ್ನು ಕಳ್ಳರೆಂದು ಕರೆಯಲು ನೋಡುವವರ ಬಾಯಿ ಬರುವುದಿಲ್ಲ. ನಿನ್ನ ಕಥೆಯಲ್ಲಿ ಸಹಕಾರ ಸಂಘವಿದೆ, ಆದರೆ ಆ ಮೂವರಿಗೂ ಆ ಸಂಘಕ್ಕೂ ಏನು ಸಂಬಂಧವೆಂಬುದು ಎಲ್ಲಿಯೂ ಇಲ್ಲ.

‘ಲೋಸ್ ದಿನಾಮಿತೇರೋಸ್’ನ ಮೂವರು ವೃದ್ಧರ ಪಾತ್ರ ಮಾಡಿದವರ ವಿಷಯವನ್ನೂ ತಿಳಿದುಕೋ. ಇಟಲಿಯ ಕಾರ್ಲೊ ಪಿಸಾಕಾನೆ ಅದಕ್ಕೆ ಮೊದಲೇ, 1958ರಲ್ಲಿ, ಮಾರಿಯೊ ಮೊನಿಚೆಲ್ಲಿಯ ‘ಇ ಸೋಲಿತಿ ಇಗ್ನೋತಿ’ ಚಿತ್ರದಲ್ಲಿ ಸದಾ ಏನಾದರೂ ಮೆಲ್ಲುತ್ತಲೇ ಇರುವ ಮುದಿಕಳ್ಳನಾಗಿ ಹೆಸರು ಮಾಡಿದ್ದ. ಆ ಚಿತ್ರದ ತಂಡ ತಪ್ಪು ಗೋಡೆಯನ್ನು ಒಡೆದು ಅಡುಗೆಮನೆ ಸೇರುತ್ತದೆ. ಅಲ್ಲಿದ್ದ ಕಡಲೆಕಾಳಿನ ಪಾಸ್ತಾ ತಿಂದು ಬರಿಗೈಯಲ್ಲಿ ಹಿಂತಿರುಗುತ್ತದೆ. ವೃದ್ಧೆಯ ಪಾತ್ರ ಮಾಡಿದ ಸಾರಾ ಗಾರ್ಸಿಯಾ ಮೆಕ್ಸಿಕೊ ದೇಶದ ಅಜ್ಜಿಯೆಂದೇ ಖ್ಯಾತಳಾದವಳು. ಇನ್ನೂ ನಡುವಯಸ್ಸಿನಲ್ಲಿರುವಾಗಲೇ, ಅಜ್ಜಿಯ ಪಾತ್ರ ನಿಜವೆನಿಸಬೇಕೆಂದು ತನ್ನ ಹಲ್ಲುಗಳನ್ನೇ ಕೀಳಿಸಿಕೊಂಡ ನಟಿ ಅವಳು. ಹಲ್ಲಿನ ಸೆಟ್ಟು ಬೀಳಿಸಿ ನಗಿಸುವ ಮುನ್ನ ಅವಳನ್ನು ಒಂದು ಕ್ಷಣ ನೆನೆದುಕೋ, ಮಗೂ.

ಮೂರನೆಯವನು ಪೆಪೆ ಇಸ್ಬೆರ್ಟ್. ನಾನು ನಿನಗೆ ಮುಖ್ಯವಾಗಿ ಪರಿಚಯಿಸಬೇಕೆಂದಿರುವುದು ಇವನನ್ನೇ. 1886ರಲ್ಲಿ ಹುಟ್ಟಿದ ಇವನು ಈ ಚಿತ್ರದ ವೇಳೆಗೆ ಎಂಬತ್ತರ ಹತ್ತಿರ ಬಂದಿದ್ದ, 1966ರಲ್ಲಿ ತೀರಿಕೊಂಡ. ಕುಳ್ಳ ದೇಹ, ಒಡೆದು ಒರಟಾದ ದನಿ. ಭಾಷೆ ತಿಳಿಯದಿದ್ದರೂ ಆ ದನಿಯನ್ನು ಕಿವಿಗೊಟ್ಟು ಕೇಳು. ನಗಿಸಬೇಕೆಂಬ ಆತುರ ಅದರಲ್ಲಿ ಒಂದಿಷ್ಟೂ ಇಲ್ಲ. ಮಾರ್ಕೊ ಫೆರ್ರೇರಿ ನಿರ್ದೇಶಿಸಿದ 1960ರ ‘ಎಲ್ ಕೊಚೆಸಿತೊ’ದಲ್ಲಿ ಅವನು ದೋನ್ ಆನ್ಸೆಲ್ಮೊ. ಕಾಲು ನಡೆಯದ ಗೆಳೆಯರೆಲ್ಲ ಮೋಟಾರಿನ ಗಾಲಿಕುರ್ಚಿಗಳಲ್ಲಿ ಕೂಡಿ ಊರು ಸುತ್ತಲು ಹೋಗುತ್ತಾರೆ. ಇವನ ಕಾಲು ಗಟ್ಟಿಯಾಗಿರುವುದೇ ಇವನನ್ನು ಒಂಟಿಯಾಗಿಸುತ್ತದೆ. ತನಗೂ ಅಂಥದೊಂದು ಗಾಡಿ ಬೇಕೆಂದು ಮಗನಲ್ಲಿ ಬೇಡುತ್ತಾನೆ, ಹಟ ಹಿಡಿಯುತ್ತಾನೆ. ಮನೆಯವರು ಒಪ್ಪದಿದ್ದಾಗ ಸತ್ತ ಹೆಂಡತಿಯ ಒಡವೆಗಳನ್ನು ಒಯ್ದು ಹಣ ಮಾಡುತ್ತಾನೆ. ಮಗ ಅದನ್ನೂ ತಡೆದಾಗ ಮನೆಯ ಅಡುಗೆಗೆ ವಿಷ ಬೆರೆಸುವವರೆಗೂ ಹೋಗುತ್ತಾನೆ. ಇದು ನಗುವಂಥ ಕಥೆಯೇ ಎಂದು ನೀನು ಕೇಳಬಹುದು. ನಾನಂತೂ ನಗುತ್ತಲೇ ನೋಡಿದೆ; ನಗು ಯಾವಾಗ ನಿಂತಿತೆಂಬುದು ನನಗೇ ತಿಳಿಯಲಿಲ್ಲ. ಕೊನೆಯಲ್ಲಿ ಪೊಲೀಸರು ಹಿಡಿದೊಯ್ಯುವಾಗ, ಸೆರೆಮನೆಯಲ್ಲಿ ತನ್ನ ಗಾಡಿಯನ್ನು ಇಟ್ಟುಕೊಳ್ಳಲು ಬಿಡುತ್ತಾರೆಯೇ ಎಂದು ಅವನು ಕೇಳುತ್ತಾನೆ. ರಫಾಯೆಲ್ ಅಸ್ಕೋನಾ ಬರೆದ ಈ ಕಥೆಯಲ್ಲಿ ಮುದುಕನ ಮೈಯ ನ್ಯೂನತೆಯನ್ನು ಹಿಡಿದು ನಗಿಸುವ ಒಂದು ದೃಶ್ಯವೂ ನನಗೆ ಕಾಣಲಿಲ್ಲ. ಅವನ ಆಸೆಯ ತೀವ್ರತೆಯೇ ನಗಿಸುತ್ತದೆ, ಅದೇ ಹೆದರಿಸುತ್ತದೆ. ಇದನ್ನು ನಾನು ‘ಲೋಸ್ ದಿನಾಮಿತೇರೋಸ್’ಗಿಂತಲೂ ಮೇಲಿನ ಚಿತ್ರವೆಂದು ಎಣಿಸುತ್ತೇನೆ.

ಹೊಸೆ ಮರಿಯಾ ಫೋರ್ಕೆಯ ‘ಅತ್ರಾಕೊ ಆ ಲಾಸ್ ತ್ರೇಸ್’ (1962) ಚಿತ್ರದ ದರೋಡೆಕೋರರು ವೃದ್ಧರಲ್ಲ, ಒಂದು ಬ್ಯಾಂಕಿನ ನೌಕರರು. ಆದರೂ ಅದನ್ನು ಬಿಡಬೇಡ, ಏಕೆಂದರೆ ಅಲ್ಲಿ ಎಲ್ಲಕ್ಕೂ ಕಿಡಿ ಹತ್ತುವುದು ಸಂಭಾವಿತನಾದ ಹಿರಿಯ ಮ್ಯಾನೇಜರನ್ನು ಹುದ್ದೆಯಿಂದ ಇಳಿಸಿದಾಗ. ತಮ್ಮ ಶಾಖೆಯನ್ನು ತಾವೇ ದೋಚಲು ಹೊಂಚು ಹಾಕಿದ ಆ ನೌಕರರು, ನಿಜವಾದ ದರೋಡೆಕೋರರು ಒಳನುಗ್ಗಿದಾಗ ಅವರ ಮೇಲೆಯೇ ಬಿದ್ದು ಬ್ಯಾಂಕನ್ನು ಉಳಿಸುತ್ತಾರೆ.

ಈ ಸ್ಪೇನಿನ ಚಿತ್ರಗಳೆಲ್ಲ ಸರ್ವಾಧಿಕಾರಿ ಜನರಲ್ ಫ್ರಾಂಕೊನ ಆಳ್ವಿಕೆಯಲ್ಲಿ ತಯಾರಾದವುಗಳೆಂಬುದನ್ನೂ ಗಮನದಲ್ಲಿಡು. ಅಪರಾಧವನ್ನು ಸಮರ್ಥಿಸುವ ಚಿತ್ರ ಆಗ ಸೆನ್ಸಾರಿನಿಂದ ಪಾರಾಗುವಂತಿರಲಿಲ್ಲ. ‘ಎಲ್ ಕೊಚೆಸಿತೊ’ದ ಅಂತ್ಯವನ್ನೇ ಮೃದುಗೊಳಿಸಬೇಕಾಯಿತು. ಸಾಮಾಜಿಕ ಭದ್ರತೆಗೆ ತಳಹದಿ ಹಾಕಿದ ಕಾನೂನು ಆ ದೇಶಕ್ಕೆ ಬಂದದ್ದು 1963ರ ಡಿಸೆಂಬರಿನಲ್ಲಿ. ಮುಪ್ಪಿನ ಬಡತನವನ್ನು ನೇರವಾಗಿ ಹೇಳುವುದು ಕಷ್ಟವಾಗಿದ್ದ ಆ ಕಾಲದಲ್ಲಿ, ಅದನ್ನು ಹೇಳಿದವರು ಈ ಸಭ್ಯ ಮುದುಕರು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವೂ ಇದೆ. ಪಿಂಚಣಿ ವಿಭಾಗದಲ್ಲಿ ನಾನು ದುಡಿದ ವರ್ಷಗಳಲ್ಲಿ, ಪ್ರತಿ ನವೆಂಬರಿನಲ್ಲಿ, ತಾವಿನ್ನೂ ಬದುಕಿದ್ದೇವೆಂಬ ಜೀವಿತ ಪ್ರಮಾಣಪತ್ರ ಹಿಡಿದು ಹಿರಿಯರು ಕಿಟಕಿಯ ಮುಂದೆ ಸಾಲುಗಟ್ಟುತ್ತಿದ್ದರು. ಒಬ್ಬ ವೃದ್ಧರನ್ನು, ಸಹಿ ಹೊಂದುವುದಿಲ್ಲವೆಂದು, ನಾನು ಮೂರು ಸಲ ಹಿಂದಕ್ಕೆ ಕಳುಹಿಸಿದೆ. ಅವರ ಕೈ ನಡುಗುತ್ತಿತ್ತು, ಅಷ್ಟೇ. ಮೂರನೆಯ ಸಲ ಅವರು ಒಂದು ಮಾತೂ ಆಡದೆ, ನನ್ನ ಹಿಂದಿದ್ದ ಕಬ್ಬಿಣದ ಬೀರುವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಆ ನೋಟದ ಅರ್ಥ ನನಗೆ ತಿಳಿದದ್ದು ಇಸ್ಬೆರ್ಟನ ಮುಖವನ್ನು ತೆರೆಯ ಮೇಲೆ ಕಂಡ ಮೇಲೆ. ಆ ಹೊತ್ತಿಗೆ ಅವರು ಇರಲಿಲ್ಲ.

ಆದುದರಿಂದ ಹೀಗೆ ಮಾಡು. ಹಲ್ಲಿನ ಸೆಟ್ಟಿನ ದೃಶ್ಯವನ್ನು ತೆಗೆದುಹಾಕು. ಕಿವಿ ಕೇಳಿಸದವರು ಇರಲಿ, ಆದರೆ ಉಳಿದ ಇಬ್ಬರು ಅದನ್ನು ಬಲ್ಲವರಾಗಿ, ಅವರಿಗೆ ಎದುರು ನಿಂತು ನಿಧಾನವಾಗಿ ಮಾತಾಡಲಿ. ಅವರ ಯೋಜನೆ ಮೂರ್ಖತನದ್ದಾಗದಿರಲಿ. ಜೀವನವಿಡೀ ಲೆಕ್ಕ ಬರೆದವರು, ರೈಲು ಓಡಿಸಿದವರು, ಶಾಲೆ ನಡೆಸಿದವರು ಎಷ್ಟು ಅಚ್ಚುಕಟ್ಟಾಗಿ ಯೋಚಿಸುತ್ತಾರೋ ಅಷ್ಟೇ ಅಚ್ಚುಕಟ್ಟಾಗಿರಲಿ. ನಟರಿಗೆ ನಗಿಸಿರೆಂದು ಎಂದೂ ಹೇಳಬೇಡ. ಎಲ್ಲಕ್ಕಿಂತ ಮೊದಲು, ಆ ಸಂಘ ಮೂವರಲ್ಲಿ ಒಬ್ಬೊಬ್ಬರಿಗೂ ಎಷ್ಟು ಬಾಕಿ ಉಳಿಸಿಕೊಂಡಿದೆ, ಯಾವ ವರ್ಷದಿಂದ, ಯಾವ ಕಾರಣಕ್ಕೆ ಎಂಬುದನ್ನು ರೂಪಾಯಿ ಪೈಸೆ ಸಮೇತ ಒಂದು ಹಾಳೆಯಲ್ಲಿ ಬರೆದು ನನಗೆ ಕಳುಹಿಸು. ಲೆಕ್ಕವನ್ನು ನಾನು ತಾಳೆ ನೋಡಿ ಕೊಡುತ್ತೇನೆ.

ಇಂತು ನಿನ್ನ ಪ್ರೀತಿಯ
ದೊಡ್ಡಪ್ಪ